ಮೊಲದ ಕತ್ತು ನೋಡಲು ಬೀದರ್‌ಗೆ

ಮೊದಲ ದಿನ: ಕಲಬುರಗಿಯಿಂದ ಬೀದರ್

ಬೀದರ್‌ಗೆ ಹೋಗುವವರು ಕೋಟೆ ನೋಡುತ್ತಾರೆ, ನಾನಕ್ ಝೀರಾ ಗುರುದ್ವಾರಕ್ಕೆ ಹೋಗುತ್ತಾರೆ, ಬಿದ್ರಿ ಸಾಮಾನು ತರುತ್ತಾರೆ. ನಾವು ಹೊರಟಿದ್ದು ಮೊಲದ ಕತ್ತು ನೋಡೋಕೆ. ನಾವು ಅಂದರೆ ನಾನು ಮತ್ತು ನನ್ನ ಗೆಳೆಯ. ಅವನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾನೆ. ಊರೆಲ್ಲ ಮಾಸ್ತರ್ ಅಂತ ಕರೆಯುತ್ತದೆ, ನಾನೂ ಹಾಗೇ ಕರೆಯುತ್ತೇನೆ.

ದಕ್ಷಿಣ ಭಾರತದ ಬಯಲಿನಲ್ಲಿರುವ ಕಾಡುಮೊಲ ಕಪ್ಪು ಕತ್ತಿನ ಮೊಲ. ಕಿವಿಯ ಬುಡದಿಂದ ಹೆಗಲಿನವರೆಗೆ, ಕತ್ತಿನ ಹಿಂದೆ ಅದಕ್ಕೊಂದು ಕಪ್ಪು ಮಚ್ಚೆ ಇರುತ್ತದೆ. ಬಾಲದ ಮೇಲ್ಭಾಗವೂ ಕಪ್ಪು. ಉತ್ತರದ ಕಡೆ ಇರುವುದು ಕೆಂಬಾಲದ ಮೊಲ. ಅದರ ಕತ್ತಿನಲ್ಲಿ ಕಪ್ಪಿಲ್ಲ, ಬರೀ ಬೂದುಗಂದು. ಬಾಲದ ಮೇಲ್ಭಾಗ ಕೆಂಗಂದು. ಹಿಂದೆ ಇವೆರಡನ್ನೂ ಬೇರೆ ಬೇರೆ ಜಾತಿ ಅಂತಲೇ ಬರೆಯುತ್ತಿದ್ದರು. ಕಪ್ಪು ಕತ್ತಿನದಕ್ಕೆ 1823ರಲ್ಲಿ ಲೀಪಸ್ ನೈಗ್ರಿಕಾಲಿಸ್ ಅಂತ ಹೆಸರಿಟ್ಟವರು ಫ್ರಾನ್ಸಿನ ಫ್ರೆಡರಿಕ್ ಕುವಿಯೆ. ಕೆಂಬಾಲದ್ದಕ್ಕೆ 1826ರಲ್ಲಿ ಬೇರೆ ಹೆಸರು ಬಂತು. ಈಗ ಎರಡನ್ನೂ ಒಂದೇ ಜಾತಿಯ ಉಪಜಾತಿಗಳು ಅಂತ ಇಟ್ಟಿದ್ದಾರೆ. ಹಳೆಯ ಲೆಕ್ಕದ ಪ್ರಕಾರ ಇವೆರಡರ ನಡುವಿನ ಗಡಿ ಸುಮಾರಾಗಿ ಗೋದಾವರಿ ನದಿ.

ಬೀದರ್ ಅಂದರೆ ಕರ್ನಾಟಕದ ತುತ್ತತುದಿ. ಇಲ್ಲಿ ಹರಿಯುವ ಮಾಂಜ್ರಾ ಮುಂದೆ ಸೇರುವುದೂ ಗೋದಾವರಿಯನ್ನೇ. ಗಡಿಗೆ ಇಷ್ಟು ಹತ್ತಿರದಲ್ಲಿ ಮೊಲದ ಕತ್ತು ಹೇಗಿದೆ ಅಂತ ಕಣ್ಣಾರೆ ನೋಡಬೇಕು ಅನ್ನುವುದು ಮಾಸ್ತರ್ ಹಟ. ನನಗೆ ಎಳ್ಳಮಾವಾಸ್ಯೆಯ ಭಜ್ಜಿ ತಿನ್ನುವ ಆಸೆ. ಅವನ ಅಕ್ಕನನ್ನು ಕೊಟ್ಟ ಮನೆ ಬೀದರ್ ಪಕ್ಕದ ಹಳ್ಳಿಯಲ್ಲಿದೆ. ಹಾಗಾಗಿ ಎರಡೂ ಕೂಡಿ ಬಂತು.

ಬೆಳಿಗ್ಗೆ ಕಾರು ಹತ್ತಿದೆವು. ಕಮಲಾಪುರದಲ್ಲಿ ನಿಲ್ಲದೆ ಹೋದರೆ ಪಾಪ ಬರುತ್ತದೆ. ಅಲ್ಲಿನ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಸಿಪ್ಪೆ ಪೂರ್ತಿ ಕೆಂಪಾಗಿ, ಒತ್ತಿದರೆ ಸ್ವಲ್ಪ ಮೆತ್ತಗೆ ಅನಿಸಬೇಕು. ಗಟ್ಟಿ ಇದ್ದರೆ ಎರಡು ದಿನ ಇಟ್ಟು ತಿನ್ನಿ. ರಸ್ತೆಯ ಎರಡೂ ಕಡೆ ತೊಗರಿ ಒಣಗಿ ನಿಂತಿತ್ತು. ಕೆಲವು ಕಡೆ ಕಟಾವು ಶುರುವಾಗಿತ್ತು. ಕಟಾವಾದ ಹೊಲದ ಪಕ್ಕದಲ್ಲೇ ಹಸಿರು ಕಡಲೆ, ಅದರಾಚೆ ಬಿಳಿಜೋಳ. ಮೊಲಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಹಗಲು ಮಲಗೋಕೆ ತೊಗರಿ, ರಾತ್ರಿ ಊಟಕ್ಕೆ ಕಡಲೆ.

ಹುಮನಾಬಾದ್ ದಾಟಿ ಬೀದರ್ ಮುಟ್ಟುವಾಗ ಸಂಜೆ. ಚಳಿ ಆಗಲೇ ಇಳಿದಿತ್ತು. ಡಿಸೆಂಬರ್‌ನಲ್ಲಿ ಬೀದರ್‌ಗೆ ಬರುವವರು ಕಲಬುರಗಿಯ ಬಿಸಿಲು ನಂಬಿಕೊಂಡು ಬರಬಾರದು, ಸ್ವೆಟರ್ ಬೇಕೇ ಬೇಕು. ಮಾಸ್ತರ್ ಟೋಪಿ ತಂದಿದ್ದ. ನಾನು ಬಸ್ ಸ್ಟ್ಯಾಂಡ್ ಹತ್ತಿರ ಮಫ್ಲರ್ ಕೊಂಡೆ.

ಎಳ್ಳಮಾವಾಸ್ಯೆ: ಹೊನ್ನಿಕೇರಿ, ಆಮೇಲೆ ಹೊಲ

ಬೆಳಗಿನ ಜಾವ ಹೊನ್ನಿಕೇರಿ ಕಾಡಿನ ಅಂಚಿಗೆ ಹೋದೆವು. ಮಂಜು ದಟ್ಟವಾಗಿತ್ತು. ಕಾರಿನ ಮುಂದಿನ ಗಾಜು ಒರೆಸಿ ಒರೆಸಿ ಸಾಕಾಯಿತು. ಇಲ್ಲಿನ ನೆಲ ಕೆಂಪು ಜಂಬಿಟ್ಟಿಗೆ ಕಲ್ಲಿನದು, ಬೀದರ್ ಕೋಟೆ ಕಟ್ಟಿದ್ದೂ ಇದೇ ಕಲ್ಲಿನಲ್ಲಿ. ಮಂಜು ಸ್ವಲ್ಪ ತೆಳುವಾದಾಗ ದೂರದಲ್ಲಿ ಕೃಷ್ಣಮೃಗಗಳ ಹಿಂಡು ಕಂಡಿತು. ಮಾಸ್ತರ್ ಅತ್ತ ನೋಡಲೂ ಇಲ್ಲ. ನೆಲಕ್ಕೆ ಕೂತಿದ್ದ.

"ಇಲ್ಲಿ ನೋಡ್" ಅಂದ. ಹುಲ್ಲಿನ ಬುಡದಲ್ಲಿ ಹಿಕ್ಕೆ ಬಿದ್ದಿತ್ತು. ನಾನು ಮೇಕೆಯದು ಅಂದುಕೊಳ್ಳುವಷ್ಟರಲ್ಲಿ ಅವನು ಒಂದನ್ನು ಕಡ್ಡಿಯಿಂದ ಒಡೆದ. ಒಳಗೆ ಬರೀ ಹುಲ್ಲಿನ ಪುಡಿ, ಒಣಗಿದ ನಾರು. ಮೇಕೆ ಹಿಕ್ಕೆ ಉದ್ದಕ್ಕೆ, ಕಪ್ಪಗೆ, ಮಿರುಗುತ್ತಾ ಇರುತ್ತದೆ. ಮೊಲದ್ದು ಅಂಗಿ ಗುಂಡಿಯ ಹಾಗೆ ದುಂಡಗೆ, ಸ್ವಲ್ಪ ಚಪ್ಪಟೆ, ಬಣ್ಣ ಒಣಹುಲ್ಲಿನದು. ಪಕ್ಕದ ಹೊಲದ ಬದುವಿಗೆ ಹೋದರೆ ಇನ್ನೊಂದು ಗುರುತು ಸಿಕ್ಕಿತು. ಕಡಲೆ ಗಿಡದ ಕುಡಿಗಳು ಓರೆಯಾಗಿ, ಬ್ಲೇಡಿನಿಂದ ಕೊಯ್ದಷ್ಟು ನುಣ್ಣಗೆ ಕತ್ತರಿಸಿದ್ದವು. ಮೇಕೆ ತಿಂದರೆ ಹರಿದು ತಿನ್ನುತ್ತದೆ, ತುದಿ ಚಿಂದಿಯಾಗಿರುತ್ತದೆ. ಹೀಗೆ ಕೊಯ್ಯುವುದು ಮೊಲದ ಬಾಚಿಹಲ್ಲು. ನಾನೂ ಒಂದು ಕುಡಿ ಚಿವುಟಿ ಬಾಯಿಗೆ ಹಾಕಿಕೊಂಡೆ. ಕಡಲೆ ಸೊಪ್ಪಿನ ಆ ಹುಳಿ ಚಳಿಗೆ ಚೆನ್ನಾಗಿತ್ತು.

ಧೂಳಿನ ದಾರಿಯಲ್ಲಿ ಹೆಜ್ಜೆಯೂ ಸಿಕ್ಕಿತು. ಎರಡು ಚಿಕ್ಕ ಗುರುತು ಒಂದರ ಹಿಂದೆ ಒಂದು, ಅದರ ಮುಂದೆ ಎರಡು ಉದ್ದದ ಗುರುತು ಅಕ್ಕಪಕ್ಕ. ಮುಂದಿರುವುದೇ ಹಿಂಗಾಲು. ಮೊಲ ಜಿಗಿಯುವಾಗ ಹಿಂಗಾಲು ಮುಂಗಾಲನ್ನು ದಾಟಿ ಬೀಳುತ್ತದೆ. ಹೀಗಾಗಿ ಎತ್ತ ಹೋಯಿತು ಅಂತ ಹುಡುಕುವಾಗ ಎಷ್ಟೋ ಜನ ತಿರುವು ಮುರುವು ಮಾಡಿಕೊಳ್ಳುತ್ತಾರೆ. ಅಂಗಾಲಿನ ತುಂಬ ಕೂದಲು ಇರುವುದರಿಂದ ನಾಯಿ ಹೆಜ್ಜೆಯ ಹಾಗೆ ಮೆತ್ತೆಯ ಅಚ್ಚು ಬೀಳಲ್ಲ. ಇಷ್ಟೆಲ್ಲ ಸಿಕ್ಕರೂ ಮೊಲ ಮಾತ್ರ ಸಿಗಲಿಲ್ಲ. ಹಿಕ್ಕೆ, ಹೆಜ್ಜೆ ನೋಡಿ ಕತ್ತಿನ ಬಣ್ಣ ಹೇಳೋಕೆ ಆಗುತ್ತಾ?

ಮಧ್ಯಾಹ್ನ ಅಕ್ಕನ ಮನೆಯವರ ಹೊಲ. ಎಳ್ಳಮಾವಾಸ್ಯೆ ದಿನ ಈ ಕಡೆ ಊರಿನಲ್ಲಿ ಯಾರೂ ಉಳಿಯೋದಿಲ್ಲ, ಎಲ್ಲರೂ ಹೊಲದಲ್ಲೇ. ಜೋಳದ ಕಣಿಕೆಯ ಚಿಕ್ಕ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲು ಇಟ್ಟು, ಪಾಂಡವರು ಅಂತ ಪೂಜೆ ಮಾಡಿದ್ದರು. ಅಕ್ಕನ ಮಾವ, ಎಲ್ಲರೂ ಮುತ್ಯಾ ಅನ್ನುವ ಹಿರಿಯರು, ಹೊಲದ ಸುತ್ತ ಚರಗ, ಅಂದರೆ ಭೂತಾಯಿಗೆ ನೈವೇದ್ಯದ ಅಡುಗೆ, ಚೆಲ್ಲಿ ಬಂದ ಮೇಲೆ ಊಟ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹಿಂಡಿ, ಕೊನೆಗೆ ಗಡಿಗೆಯಿಂದ ತಣ್ಣನೆಯ ಅಂಬಲಿ. ಭಜ್ಜಿ ಅಂದರೆ ಎಣ್ಣೆಯಲ್ಲಿ ಕರಿದಿದ್ದು ಅಂದುಕೊಳ್ಳಬೇಡಿ. ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಬದನೆ, ಸಿಕ್ಕ ಸಿಕ್ಕ ಸೊಪ್ಪು, ಹುಣಸೆ ಹುಳಿ, ಕಡಲೆ ಹಿಟ್ಟು ಎಲ್ಲಾ ಹಾಕಿ ಕುದಿಸಿದ ಪಲ್ಯ. ನಾನು ಮೂರನೇ ಸಲ ಹಾಕಿಸಿಕೊಂಡಾಗ ಅಕ್ಕ, "ತಮ್ಮಾ, ಮೊಲಾ ನೋಡ್ಲಿಕ್ ಬಂದಿಯೋ, ಭಜ್ಜಿ ಉಣ್ಲಿಕ್ ಬಂದಿಯೋ?" ಅಂದರು. ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ.

ನಾಂದೇಡದಿಂದ ಬೀಗರ ಹುಡುಗನೊಬ್ಬ ಬಂದಿದ್ದ. ಮೊಲದ ಮಾತು ಕೇಳಿ ಮೊಬೈಲ್ ತೆಗೆದ. ಹಿಂದಿನ ವರ್ಷ ಇದೇ ಹೊಲದಲ್ಲಿ ತೆಗೆದ ಫೋಟೋ ಅದು. ಮೊಲ ಮುದುಡಿ ಕೂತಿದೆ, ಬೆನ್ನು ಕಂದು, ಕತ್ತಿನಲ್ಲಿ ಕಪ್ಪಿನ ಸುಳಿವಿಲ್ಲ. "ಇದು ನಮ್ಮ ಕಡಿದೇ ಮೊಲಾ, ಕೆಂಪ್ ಬಾಲದ್ದು" ಅಂದ. ನಾಂದೇಡ್ ಗೋದಾವರಿ ದಂಡೆಯ ಊರು, ಅವನ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ.

ಮಾಸ್ತರ್ ಫೋಟೋ ದೊಡ್ಡದು ಮಾಡಿ ನೋಡಿದ. "ಕಿವಿ ಎಲ್ಲ್ಯಾವ ನೋಡು. ಹಿಂದಕ್ ಮಡಚಿ ಬೆನ್ನ ಮ್ಯಾಲೆ ಇಟ್ಕೊಂಡದ. ಕತ್ತ ಕಿವಿ ಕೆಳಗ ಅದ. ಬಾಲ ಹೊಟ್ಟಿ ಕೆಳಗ ಅದ. ನೋಡ್ಬೇಕಾಗಿದ್ದ ಎರಡೂ ಇದ್ರಾಗ ಇಲ್ಲ."

ಇದು ನನಗೆ ತುಂಬ ಮುಖ್ಯ ಅನಿಸಿತು. ಸುಮ್ನೆ ಕೂತ ಮೊಲದ ಫೋಟೋ ಸಿಗುವುದು ಸುಲಭ, ಅದರಿಂದ ಏನೂ ಗೊತ್ತಾಗಲ್ಲ. ಕಿವಿ ನಿಮಿರಿಸಿ ನಿಂತಾಗ, ಅದೂ ಹಿಂದಿನಿಂದ ಇಲ್ಲಾ ಪಕ್ಕದಿಂದ ನೋಡಿದರೆ ಮಾತ್ರ ಕತ್ತು ಕಾಣುತ್ತದೆ. ಎದುರಿನಿಂದ ತೆಗೆದ ಚಂದದ ಫೋಟೋ ಕ್ಯಾಲೆಂಡರಿಗೆ ಸರಿ.

ಊಟ ಆಗಿ ಜನ ಕಟಾವಾಗದ ತೊಗರಿ ಸಾಲಿನಲ್ಲಿ ಹಾಯ್ದು ಹೋಗುತ್ತಿದ್ದಾಗ ಮುತ್ಯಾನ ಕಾಲ ಬುಡದಿಂದಲೇ ಒಂದು ಎದ್ದಿತು. ಹೆಂಗಸರು ಕೂಗಿದರು, ಹುಡುಗರು ಓಡಿದರು. ಓಡುವಾಗ ಬಾಲ ಒಮ್ಮೆ ಬಿಳಿ, ಒಮ್ಮೆ ಕಪ್ಪು. ಬಾಲದ ಕೆಳಗೆ ಬಿಳಿಯೇ ಇರುವುದರಿಂದ ಓಟದಲ್ಲಿ ನೋಡಿ ಏನಾದರೂ ಹೇಳುವುದು ಕಷ್ಟ. ಆದರೆ ಕಡಲೆ ಹೊಲದ ಆಚೆ ಅಂಚಿಗೆ ಹೋಗಿ ಅದು ನಿಂತಿತು. ನಮಗೆ ಬೆನ್ನು ಹಾಕಿ, ಕಿವಿ ಎರಡೂ ನೆಟ್ಟಗೆ. ಮಾಸ್ತರ್ ದುರ್ಬೀನು ನನ್ನ ಕೈಗೆ ಕೊಡಲೇ ಇಲ್ಲ. ಬರಿಗಣ್ಣಿಗೂ ಕಂಡಿತು: ಕಿವಿಯ ಕೆಳಗೆ ಕತ್ತಿನುದ್ದಕ್ಕೂ ಗಾಢ ಕಪ್ಪು. ನಾಂದೇಡದ ಹುಡುಗ, "ಹೌದ್ರೀ ಮಾಸ್ತರ್, ಕರೀದೇ ಅದ" ಅಂತ ಒಪ್ಪಿಕೊಂಡ.

ಅದು ಎದ್ದ ಜಾಗ ನೋಡಿದೆವು. ಮೊಲ ಬಿಲ ತೋಡುವುದಿಲ್ಲ. ಗಿಡದ ಬುಡದಲ್ಲಿ ಮೈಯಷ್ಟೇ ಉದ್ದದ ತಗ್ಗು, ಹಿಂದೆ ಸ್ವಲ್ಪ ಆಳ, ಮುಂದೆ ತೆಳು. ಅಂಗೈ ಇಟ್ಟರೆ ಮಣ್ಣು ಇನ್ನೂ ಬೆಚ್ಚಗಿತ್ತು. ಎರಡು ಕೂದಲು ಅಂಟಿದ್ದವು. ಒಂದೊಂದು ಕೂದಲಿನಲ್ಲೇ ಬುಡಕ್ಕೊಂದು ಬಣ್ಣ, ತುದಿಗೊಂದು ಬಣ್ಣ.

ಅಷ್ಟರಲ್ಲಿ ಹುಡುಗರು ಟವೆಲಿನಲ್ಲಿ ಏನೋ ಸುತ್ತಿಕೊಂಡು ಬಂದರು. ಮುಷ್ಟಿಯಷ್ಟು ಮೊಲದ ಮರಿ. "ಇದರ ತಾಯಿ ಬಿಟ್ ಹೋಗ್ಯಾದ್ರಿ ಸರ್, ಮನಿಗಿ ಒಯ್ಯೋಣು" ಅಂತ ಹಟ. ಮರಿಯ ಮೈತುಂಬ ಕೂದಲಿತ್ತು, ಕಣ್ಣು ಬಿಟ್ಟಿತ್ತು, ಅಲುಗಾಡದೆ ಕೂತಿತ್ತು. ಪಕ್ಕದ ಹೊಲದ ಕಾಕಿಗೆ ಆಶ್ಚರ್ಯ. ಅವರ ಮನೆಯಲ್ಲಿ ಸಾಕಿದ ಬಿಳಿ ಮೊಲ ಮರಿ ಹಾಕಿದಾಗ ಕೆಂಪಗೆ, ಕೂದಲೇ ಇಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟಿದ್ದವಂತೆ. ಮಾಸ್ತರ್‌ಗೆ ಅಲ್ಲೇ ತರಗತಿ ಶುರುವಾಯಿತು. ಪಂಜರದಲ್ಲಿ ಸಾಕುವುದು ಯುರೋಪಿನಿಂದ ಬಂದ ಬೇರೆಯೇ ಪ್ರಾಣಿ. ಅದು ಬಿಲ ತೋಡುತ್ತದೆ, ಸುಮಾರು 30 ದಿನಕ್ಕೆ ಬಿಲದೊಳಗೆ ಬೆತ್ತಲೆ ಮರಿ ಹಾಕುತ್ತದೆ. ನಮ್ಮ ಹೊಲದ ಮೊಲ ಬಯಲಲ್ಲೇ ಹೆರಬೇಕು. ಅದಕ್ಕೇ ಮರಿ ಹೊಟ್ಟೆಯಲ್ಲಿ ಜಾಸ್ತಿ ದಿನ, 41ರಿಂದ 47 ದಿನ ಬೆಳೆದು, ಕೂದಲು ಕಣ್ಣು ಎಲ್ಲ ಸಿದ್ಧ ಆಗಿಯೇ ಬರುತ್ತದೆ. ತಾಯಿ ಬಿಟ್ಟು ಹೋಗಿರುವುದಿಲ್ಲ. ಹಗಲು ದೂರ ಇದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸುತ್ತದೆ.

ಹುಡುಗರು ಕೇಳುವ ಹಾಗಿರಲಿಲ್ಲ. ಮುತ್ಯಾ ಎದ್ದು, "ಹಬ್ಬದ ದಿನ ತಾಯಿ ಮಕ್ಕಳನ್ನ ಅಗಲಸ್ತೀರೇನು? ಎಲ್ಲಿಂದ ತಂದೀರಿ ಅಲ್ಲೇ ಇಟ್ಟು ಬರ್ರಿ" ಅಂದರು. ಅಷ್ಟಕ್ಕೇ ಮುಗಿಯಿತು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಮೊಲ ಹಿಡಿಯುವುದೂ ಸಾಕುವುದೂ ಅಪರಾಧ ಅಂತ ಮಾಸ್ತರ್ ಹೇಳಲು ಹೊರಟಿದ್ದ, ಬೇಕಾಗಲಿಲ್ಲ.

ಮೂರನೇ ದಿನ: ಮನ್ನಾಏಖೇಳಿ ಮೇಲೆ ಚಿಂಚೋಳಿ

ಚಿಂಚೋಳಿ ವನ್ಯಜೀವಿ ಧಾಮ ಆಗಿದ್ದು 2011ರಲ್ಲಿ. ಬಯಲುಸೀಮೆಯಲ್ಲಿ ಇಂಥ ಕಾಡು ಇದೆ ಅಂದರೆ ಕಲಬುರಗಿಯವರೇ ಎಷ್ಟೋ ಜನ ನಂಬಲ್ಲ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆದುಕೊಳ್ಳುವುದು ಒಳ್ಳೆಯದು. ಬುತ್ತಿ ಕಟ್ಟಿಕೊಳ್ಳುವುದು ಇನ್ನೂ ಒಳ್ಳೆಯದು. ನಮಗೆ ಅಕ್ಕ ಕಟಕ್ ರೊಟ್ಟಿ, ಹಿಂಡಿ, ಉಳಿದ ಭಜ್ಜಿ ಕಟ್ಟಿಕೊಟ್ಟಿದ್ದರು.

ಮನ್ನಾಏಖೇಳಿ ದಾಟಿ ಸ್ವಲ್ಪ ದೂರಕ್ಕೆ ಟೈರ್ ಪಂಕ್ಚರ್. ಜಾಲಿ ಮುಳ್ಳು. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಜಾಕಿನ ಹಿಡಿ ಇರಲಿಲ್ಲ. ಮಾಸ್ತರ್ ಹಿಡಿ ಕೇಳಿಕೊಂಡು ಬರಲು ನಡೆದ. ನಾನು ರಸ್ತೆ ಬದಿ ಸುತ್ತಾಡುವಾಗ ರಾತ್ರಿ ಗಾಡಿಗೆ ಸಿಕ್ಕಿ ಸತ್ತ ಮೊಲ ಕಂಡಿತು. ತಲೆಗೆ ಪೆಟ್ಟಾಗಿತ್ತು, ಮೈ ಹಾಗೇ ಇತ್ತು.

ಬೇಜಾರಾಯಿತು. ಆದರೂ ಇಷ್ಟು ಹತ್ತಿರದಿಂದ ನೋಡುವುದು ಇನ್ನೆಲ್ಲಿ? ಬರಿಗೈಯಲ್ಲಿ ಮುಟ್ಟಬಾರದು, ಮೊಲದಿಂದ ಮನುಷ್ಯರಿಗೆ ದಾಟುವ ರೋಗಗಳಿವೆ. ಕಡ್ಡಿಯಿಂದ ಕಿವಿ ಸರಿಸಿದೆ. ಕತ್ತಿನ ಕೂದಲು ಅಲ್ಲಿ ಗಿಡ್ಡ, ಮೆತ್ತಗೆ, ಅಚ್ಚಗಪ್ಪು. ಬೆನ್ನಿನ ಕಂದು ಅಲ್ಲಿಗೆ ಗೆರೆ ಹೊಡೆದ ಹಾಗೆ ನಿಂತಿತ್ತು. ಬಾಲದ ಮೇಲೆ ಕಪ್ಪು, ಕೆಳಗೆ ಬಿಳಿ. ಹೊಟ್ಟೆ ಬಿಳಿ. ಮೇಲ್ದುಟಿ ನಡುವೆ ಸೀಳಿತ್ತು. ಬಾಯಿ ಸ್ವಲ್ಪ ತೆರೆದಿದ್ದರಿಂದ ಬಾಚಿಹಲ್ಲಿನ ಹಿಂದೆ, ಅಕ್ಕಿ ನುಚ್ಚಿನಷ್ಟು ಸಣ್ಣ ಇನ್ನೊಂದು ಜೋಡಿ ಹಲ್ಲು ಕಂಡಿತು. ಇಲಿ, ಅಳಿಲುಗಳಿಗೆ ಇದು ಇರಲ್ಲ. ಮೊಲವನ್ನು ಇಲಿಗಳ ಗುಂಪಿನಿಂದ ಹೊರಗಿಡಲು ಈ ಪುಟ್ಟ ಹಲ್ಲೇ ದೊಡ್ಡ ಕಾರಣ.

ಕುರಿ ಹೊಡೆದುಕೊಂಡು ಬರುತ್ತಿದ್ದ ಮುದುಕರೊಬ್ಬರು ನಿಂತರು. "ಏನ್ ನೋಡ್ಲತ್ತೀರಿ?"

"ಮೊಲ ಸತ್ತದ ಮುತ್ಯಾ. ಯಾವ ಜಾತಿ ಅಂತ ನೋಡ್ಲತ್ತೀನಿ."

"ಇದು ಎರಿ ಹೊಲದ್ದು. ಗುಡ್ಡದಾಗಿಂದು ಬ್ಯಾರೆ ಅದ. ಅದು ಕೆಂಪ ಇರ್ತದ, ಇದು ಬೂದಿ ಬಣ್ಣದ್ದು."

ಎಪ್ಪತ್ತು ವರ್ಷ ಕುರಿ ಕಾಯ್ದ ಕಣ್ಣು, ಸುಮ್ನೆ ಹೇಳುವ ಮಾತಲ್ಲ. ಕಪ್ಪು ನೆಲದಲ್ಲಿ ಕಂಡ ಮೊಲ ಬೂದು ಅನಿಸುತ್ತದೆ, ಕೆಂಪು ನೆಲದ್ದು ಕೆಂಪು ಅನಿಸುತ್ತದೆ. ಬಿಸಿಲು, ಧೂಳು, ವಯಸ್ಸು ಎಲ್ಲವೂ ಬಣ್ಣ ಬದಲಿಸುತ್ತವೆ. ನನ್ನ ಅನಿಸಿಕೆ ಕೇಳಿದರೆ, ಮೊಲ ಗುರುತಿಸುವಾಗ ಮೈಬಣ್ಣದಷ್ಟು ಮೋಸ ಮಾಡುವುದು ಬೇರೆ ಇಲ್ಲ. ನಾನು ಅವರನ್ನು ಕೇಳಿದೆ: ಗುಡ್ಡದ ಮೊಲದ ಕತ್ತು ಹೇಗಿರ್ತದ?

ಅವರು ಸ್ವಲ್ಪ ಹೊತ್ತು ಯೋಚಿಸಿದರು. "ಕತ್ತ ಕರೀದೇ. ಅದು ಎಲ್ಲಾದ್ಕೂ ಕರೀದೇ."

ಅಲ್ಲಿಗೆ ಮೈಬಣ್ಣದ ಮಾತು ಮುಗಿಯಿತು. ಅವರೇ ಕೋಲಿನಿಂದ ಮೊಲವನ್ನು ರಸ್ತೆಯಿಂದ ದೂರ, ಬೇಲಿಯ ಬುಡಕ್ಕೆ ತಳ್ಳಿದರು. ರಸ್ತೆ ಮೇಲೆ ಬಿಟ್ಟರೆ ತಿನ್ನಲು ಬಂದ ನರಿಯೋ ಹದ್ದೋ ಗಾಡಿಗೆ ಸಿಗುತ್ತದಂತೆ. ಮಾಸ್ತರ್ ಜಾಕಿನ ಹಿಡಿ ಜೊತೆ ಎರಡು ಕಪ್ ಚಹಾ ಪಾರ್ಸೆಲ್ ತಂದಿದ್ದ. ಮುತ್ಯಾಗೆ ಒಂದು ಕೊಟ್ಟು, ಇನ್ನೊಂದನ್ನು ನಾವಿಬ್ಬರೂ ಹಂಚಿಕೊಂಡೆವು.

ಚಂದ್ರಂಪಳ್ಳಿ ಜಲಾಶಯ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಸುತ್ತ ಗುಡ್ಡ, ನಡುವೆ ನೀರು. ಏರಿ ಮೇಲೆ ಕೂತು ರೊಟ್ಟಿ ಮುರಿದೆವು. ಆ ದಿನ ಜೀವಂತ ಮೊಲ ಒಂದೂ ಕಾಣಲಿಲ್ಲ.

ಕೊನೆಯ ದಿನ: ಕೊಂಚಾವರಂ, ವಾಪಸ್ ಕಲಬುರಗಿ

ಕೊಂಚಾವರಂ ಕಡೆ ಹೋದರೆ ಚಹಾ ಅಂಗಡಿಯಲ್ಲಿ ಕನ್ನಡ, ತೆಲುಗು, ಲಂಬಾಣಿ ಮೂರೂ ಒಂದೇ ಬೆಂಚಿನ ಮೇಲೆ ಕೇಳುತ್ತವೆ. ಕಾಡು ಕಾಯುವ ಒಬ್ಬರು ಜೊತೆಗೆ ಬಂದರು. ಅವರ ಪ್ರಕಾರ ಮೊಲಕ್ಕೆ ಇಲ್ಲಿ ದೊಡ್ಡ ಕಾಟ ತೋಳ, ನರಿ ಅಲ್ಲ, ಊರ ನಾಯಿ. ಹುಲ್ಲಿಗೆ ಬೆಂಕಿ ಬಿದ್ದ ವರ್ಷ ಮರಿಗಳು ಉಳಿಯುವುದೇ ಇಲ್ಲ ಅಂದರು. ಓಡಲು ಬಾರದ ಮರಿ ಅಲುಗಾಡದೆ ಕೂತೇ ಇರುತ್ತದಲ್ಲ.

ಒಂದು ಮೊಲ ತೋರಿಸಿದರು, ಕಾರೆ ಪೊದೆಯ ಕೆಳಗೆ. ನೆಲ ಕೆಂಪು, ಮೊಲವೂ ಕೆಂಪಗೆ ಕಂಡಿತು. ಕುರಿ ಕಾಯುವ ಮುತ್ಯಾ ಹೇಳಿದ್ದ ಗುಡ್ಡದ ಮೊಲ ಇದೇ. ಕಿವಿ ಮಡಚಿ ಕೂತಿತ್ತು. ನಾವು ಮುಂದೆ ಹೋಗಿದ್ದರೆ ಎದ್ದು ಓಡುತ್ತಿತ್ತು, ಹೋಗಲಿಲ್ಲ. ಬಹಳ ಹೊತ್ತು ನಿಂತೆವು, ನನ್ನ ಕಾಲು ಜುಮ್ಮೆಂದಿತು. ಎಲ್ಲೋ ನವಿಲು ಕೂಗಿದ್ದೇ ತಡ, ಕಿವಿ ಎದ್ದವು. ಕತ್ತು ಕಪ್ಪು. ಮಾಸ್ತರ್ ಕ್ಯಾಮೆರಾ ಎರಡು ಸಲ ಸದ್ದು ಮಾಡಿತು, ಮೊಲ ಇರಲಿಲ್ಲ.

ವಾಪಸ್ ಬರುವಾಗ ಕತ್ತಲು. ಚಿಂಚೋಳಿ ದಾಟಿದ ಮೇಲೆ ಒಂದು ಮೊಲ ರಸ್ತೆಗೆ ಇಳಿದು ಕಾರಿನ ಬೆಳಕಿನಲ್ಲೇ ಮುಂದೆ ಮುಂದೆ ಓಡತೊಡಗಿತು. ಹೆಡ್‌ಲೈಟ್ ಬಿದ್ದರೆ ಅದಕ್ಕೆ ಪಕ್ಕದ ಕತ್ತಲು ಕಾಣಲ್ಲ, ಬೆಳಕಿನ ದಾರಿಯಲ್ಲೇ ಓಡುತ್ತದೆ. ಹಾರ್ನ್ ಹೊಡೆದರೆ ಇನ್ನೂ ಗಾಬರಿ. ಮಾಸ್ತರ್ ಕಾರು ಬದಿಗೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಹೆಡ್‌ಲೈಟ್ ಆರಿಸಿದ. ಮತ್ತೆ ಹಾಕಿದಾಗ ರಸ್ತೆ ಖಾಲಿ. ಈ ರಸ್ತೆಗಳಲ್ಲಿ ರಾತ್ರಿ ಗಾಡಿ ಓಡಿಸುವವರು ಇಷ್ಟು ಮಾಡಿದರೆ ಸಾಕು, ಬೇಲಿಯ ಬುಡದಲ್ಲಿ ನಾವು ಬಿಟ್ಟು ಬಂದಂಥ ಮೊಲಗಳು ಕಡಿಮೆಯಾಗುತ್ತವೆ.

ಹಿಂದೆ ಬಂದ ಟಂಟಂ ನಮ್ಮ ಪಕ್ಕ ನಿಂತಿತು. "ಏನಾಯ್ತ್ರಿ, ಪೆಟ್ರೋಲ್ ಮುಗೀತೇನು?" ಅಂತ ಡ್ರೈವರ್ ಕೇಳಿದ.

"ಇಲ್ರೀ, ಮೊಲಕ್ ದಾರಿ ಬಿಟ್ಟೀವಿ."

ಅವನು ನಮ್ಮಿಬ್ಬರ ಮುಖ ನೋಡಿ, ಏನೂ ಅನ್ನದೆ ಗಾಡಿ ಬಿಟ್ಟ. ಕಲಬುರಗಿ ಮುಟ್ಟಿದಾಗ ಖಾನಾವಳಿಯವರು ಬಾಗಿಲು ಅರ್ಧ ಎಳೆದಿದ್ದರು. ರೊಟ್ಟಿ ಮುಗಿದಿದ್ದವು, ಅನ್ನ ಸಾರು ಇತ್ತು.